ಹದಿನೆಂಟರ ಕಪಾಟು

“ಕಾರ್ಡು ವಾಪಸ್ ಕೊಡಬೇಕಾ?” ಎಂದು ಕೇಳಿಕೊಂಡು ಒಬ್ಬ ತಾಯಿ ನಮ್ಮ ಲೈಬ್ರರಿಗೆ ಬಂದರು. ಜೊತೆಗೆ ಮಗ. ಅವನಿಗೆ ಬೌದ್ಧಿಕ ಅಂಗವೈಕಲ್ಯ ಇದೆ. ಮುಂದಿನ ತಿಂಗಳು ಹದಿನೆಂಟು ತುಂಬುವುದಿತ್ತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಎಂದು ಹೇಳಿ ಆ ಕಾರ್ಡು ಮಾಡಿಕೊಟ್ಟವರು ನಾವೇ. ಹಾಗಾದರೆ ಹದಿನೆಂಟಾದ ಮೇಲೆ ಕಾರ್ಡು ಇಲ್ಲ ಅಂತ ತಾನೇ? ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಮನೆಗೇ ಬಂದು ಪಾಠ ಹೇಳಿಕೊಡುತ್ತಿದ್ದ ಬಿಐಇಆರ್‌ಟಿ (ವಿಶೇಷ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕಿ) ಮೇಡಂ ಇನ್ನು ಮುಂದೆ ಬರುವುದಿಲ್ಲ ಎಂದಿದ್ದರಂತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಉಚಿತ ಶಿಕ್ಷಣದ ಹಕ್ಕು ಇರುವುದು 6ರಿಂದ 18ರವರೆಗೇ. ಎಲ್ಲ ಕಡೆ ಅದೇ ಗೆರೆ.

ಕಾರ್ಡು ವಾಪಸ್ ಬೇಡ, ದೊಡ್ಡವರ ಸದಸ್ಯತ್ವಕ್ಕೆ ಬದಲಿಸಿಕೊಡುತ್ತೇನೆ ಎಂದೆ. ಆಗ ಅವರು ಕೇಳಿದ ಎರಡನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. “ಇನ್ನು ಮುಂದೆ ಇವನಿಗೆ ಏನೇನು ಮಾಡಿಸಬೇಕು? ಯಾವುದಾದ್ರೂ ಪುಸ್ತಕ ಇದ್ಯಾ?”

ನಮ್ಮದು ತಿಪಟೂರು ಕಡೆಯ ಒಂದು ಗ್ರಾಮ ಪಂಚಾಯಿತಿ ಲೈಬ್ರರಿ. ಬೋರ್ಡಿನಲ್ಲಿ ಈಗ ‘ಅರಿವು ಕೇಂದ್ರ’ ಎಂದಿದೆ. ಊರಿನವರ ಬಾಯಲ್ಲಿ ಇವತ್ತಿಗೂ ಲೈಬ್ರರಿಯೇ. ನಾನು ಮೇಲ್ವಿಚಾರಕಿ. ಕಪಾಟು ಪೂರ್ತಿ ಹುಡುಕಿದೆ. ಕಾದಂಬರಿ, ಕೆಪಿಎಸ್‌ಸಿ ಗೈಡು, ಕೃಷಿ, ದೇವರು, ಅಡುಗೆ ಎಲ್ಲ ಇತ್ತು. ವಿಶೇಷ ಮಕ್ಕಳ ಬಗ್ಗೆ ಎರಡು ತೆಳ್ಳನೆಯ ಪುಸ್ತಕ ಸಿಕ್ಕವು. ಎರಡರಲ್ಲೂ ಮಗುವಿಗೆ ಚಮಚ ಹಿಡಿಸುವುದು, ಗುಂಡಿ ಹಾಕಿಸುವುದು, ಬಣ್ಣ ಗುರುತಿಸಿಸುವುದು. ಆ ಪುಸ್ತಕಗಳ ಒಳಗಿನ ಮಗು ದೊಡ್ಡದಾಗುವುದೇ ಇಲ್ಲ. ನನ್ನ ಎದುರು ನಿಂತಿದ್ದವನಿಗೆ ಮೀಸೆ ಬಂದಿತ್ತು.

ಮೊದಲು ಮಾಡಿದ ಕೆಲಸ ದಂಡವಾಯಿತು, ಅದನ್ನೂ ಹೇಳಿಬಿಡುತ್ತೇನೆ. ಎರಡು ತಿಂಗಳು ಕುಳಿತು ಇಂಟರ್‌ನೆಟ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಪ್ರಿಂಟ್ ತೆಗೆದೆ. ಕಾಯ್ದೆ, ಸುತ್ತೋಲೆ, ಅರ್ಜಿ ನಮೂನೆ, ಯೋಜನೆಗಳ ಪಟ್ಟಿ. ಮುಕ್ಕಾಲು ಪಾಲು ಇಂಗ್ಲಿಷ್. ಒಂದು ದಪ್ಪ ಬಾಕ್ಸ್ ಫೈಲ್ ಆಯಿತು. ಮೇಲೆ ಚೆಂದವಾಗಿ ‘ವಿಕಲಚೇತನರ ಮಾಹಿತಿ’ ಎಂದು ಬರೆದು ಇಟ್ಟೆ. ಯಾರೂ ಮುಟ್ಟಲಿಲ್ಲ. ನಾನೇ ಆಗಿದ್ದರೂ ಮುಟ್ಟುತ್ತಿರಲಿಲ್ಲ ಬಿಡಿ.

ಅದೇ ಫೈಲಿನಿಂದ ಒಂದೇ ಒಂದು ಹಾಳೆ ಹೊರಗೆ ಹೋಯಿತು, ಅದೂ ಎಡವಟ್ಟಾಯಿತು. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಡಾಕ್ಟರು ವಾರದ ಯಾವ ದಿನ ನೋಡುತ್ತಾರೆ ಎಂದು ಅದರಲ್ಲಿ ಬರೆದುಕೊಂಡಿದ್ದೆ. ಆ ತಾಯಿ ಅದನ್ನು ನಂಬಿ ಮಗನನ್ನು ಕರೆದುಕೊಂಡು ಹೋದರು. ಆ ದಿನ ಬದಲಾಗಿ ಆರು ತಿಂಗಳಾಗಿತ್ತಂತೆ. ಕೊಬ್ಬರಿ ಕೆಲಸದ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಹೋಯಿತು. ಅವರು ಬೈಯಲಿಲ್ಲ. “ಹಾಳೇಲಿ ಹಂಗೇ ಇತ್ತು ಮೇಡಂ” ಎಂದರು ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು.

ಅವತ್ತಿನಿಂದ ಎರಡು ನಿಯಮ ಮಾಡಿಕೊಂಡೆ. ಒಂದು ಹಾಳೆಯಲ್ಲಿ ಒಂದೇ ವಿಷಯ. ಪ್ರತಿ ಹಾಳೆಯ ಮೇಲೂ ದಿನಾಂಕದ ಸೀಲು. ತಿಂಗಳ ಮೊದಲ ವಾರ ಫೋನ್ ಮಾಡಿ ಕೇಳಬೇಕು, ಇನ್ನೂ ಹಾಗೇ ಇದೆ ಎಂದಾದರೆ ಹೊಸ ಸೀಲು. ಖಚಿತವಾಗದ ಹಾಳೆ ಕಪಾಟಿನಿಂದ ಹೊರಗೆ. ಹಳೇ ಕಾದಂಬರಿಯನ್ನು ಯಾರು ಬೇಕಾದರೂ ಓದಬಹುದು. ಹಳೇ ಮಾಹಿತಿಯಿಂದ ಬಡವರ ದಿನಗೂಲಿ ಹೋಗುತ್ತದೆ.

ಫೋನ್ ಮಾಡುವುದು ಯಾರಿಗೆ? ನಮ್ಮ ಪಂಚಾಯಿತಿಯಲ್ಲಿ ಒಬ್ಬ ವಿಆರ್‌ಡಬ್ಲ್ಯೂ ಇದ್ದಾರೆ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ತಾಲ್ಲೂಕಿಗೆ ಒಬ್ಬ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಇವರ ತಲೆಯಲ್ಲಿ ಇರುವಷ್ಟು ಮಾಹಿತಿ ಯಾವ ವೆಬ್‌ಸೈಟ್‌ನಲ್ಲೂ ಇಲ್ಲ. ನಮ್ಮ ವಿಆರ್‌ಡಬ್ಲ್ಯೂಗೆ ಸ್ವತಃ ಪೋಲಿಯೊ. ಮೂರು ಚಕ್ರದ ಸ್ಕೂಟರಿನಲ್ಲಿ ಹಳ್ಳಿ ಹಳ್ಳಿ ಸುತ್ತುತ್ತಾರೆ. ಲೈಬ್ರರಿ ಮುಂದೆ ಸ್ಕೂಟರ್ ನಿಲ್ಲಿಸಿ, ಇಳಿಯದೇ, ಕಿಟಕಿಯಿಂದ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಇಳಿಯದೇ ಯಾಕೆ ಅಂದರೆ ನಮ್ಮ ಬಾಗಿಲಿಗೆ ಆಗ ಮೂರು ಮೆಟ್ಟಿಲು, ರ‍್ಯಾಂಪ್ ಇರಲಿಲ್ಲ. ಅಂಗವಿಕಲರಿಗಾಗಿ ಕಪಾಟು ಮಾಡುವವಳಿಗೆ ಇದು ಹೊಳೆಯಲು ಮೂರು ವಾರ ಬೇಕಾಯಿತು!

ಹೀಗೆ ಬರೆದ ಹಾಳೆಗಳಲ್ಲಿ ಜಾಸ್ತಿ ಓಡಿದ್ದು ನಾಲ್ಕು. ಮೊದಲನೆಯದು ಪ್ರಮಾಣಪತ್ರದ್ದು. ಬೌದ್ಧಿಕ ಅಂಗವೈಕಲ್ಯ ಇರುವವರ ಪ್ರಮಾಣಪತ್ರವನ್ನು 5, 10 ಮತ್ತು 18ನೇ ವಯಸ್ಸಿಗೆ ಹೊಸದು ಮಾಡಿಸಬೇಕು. ಕಲಿಕಾ ನ್ಯೂನತೆಯವರಿಗೆ 14 ಮತ್ತು 18. ಹದಿನೆಂಟಕ್ಕೆ ಸಿಗುವುದು ಜೀವನಪೂರ್ತಿ ನಡೆಯುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಹಳೆಯ ಪತ್ರವನ್ನೇ ಲ್ಯಾಮಿನೇಷನ್ ಮಾಡಿಸಿ ದೇವರ ಪಟದ ಹಿಂದೆ ಇಟ್ಟಿರುತ್ತಾರೆ. ಎರಡನೆಯದು ಬಸ್ ಪಾಸು. ಮೂರನೆಯದು ಪರೀಕ್ಷೆ: ಬರಹಗಾರರ ಸಹಾಯ ಪಡೆಯುವುದು ಹೇಗೆ, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೇಳುವುದು ಹೇಗೆ, ಕಾಲೇಜು ಸೀಟಿನಲ್ಲಿ ಕನಿಷ್ಠ ಶೇ 5 ಮತ್ತು ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇ 4 ಮೀಸಲಾತಿ.

ನಾಲ್ಕನೆಯದು ಪೋಷಕತ್ವ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಗೊಂದಲ ಇರುವುದೆಲ್ಲ ಇಲ್ಲೇ.

ಮಗುವಿಗೆ ಹದಿನೆಂಟು ತುಂಬಿದ ದಿನ ಅಪ್ಪ ಅಮ್ಮ ಕಾನೂನಿನ ಪ್ರಕಾರ ಅವನ ಪೋಷಕರಾಗಿ ಉಳಿಯುವುದಿಲ್ಲ. ಅವನು ವಯಸ್ಕ. ಬ್ಯಾಂಕಿನಲ್ಲೋ ಜಮೀನಿನ ಕಾಗದದಲ್ಲೋ ಸಹಿ ಬೇಕಾದಾಗ ಇದು ಗೊತ್ತಾಗುತ್ತದೆ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ ಪ್ರಕಾರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಈ ನಾಲ್ಕರಲ್ಲಿ ಒಂದು ಇರುವವರಿಗೆ ಪೋಷಕರನ್ನು ನೇಮಿಸಬಹುದು. ನೇಮಿಸುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಮಟ್ಟದ ಸಮಿತಿ. ಕೋರ್ಟಿಗೆ ಅಲೆಯಬೇಕಿಲ್ಲ. ಆ ಸಮಿತಿ ಕೊಟ್ಟ ಪತ್ರವನ್ನು ಬ್ಯಾಂಕುಗಳು ಒಪ್ಪಬಹುದು ಎಂದು ರಿಸರ್ವ್ ಬ್ಯಾಂಕ್ ಕೂಡ ಹೇಳಿದೆ.

ಇಷ್ಟು ಎಲ್ಲರೂ ಹೇಳುತ್ತಾರೆ. ಆಮೇಲಿನದನ್ನು ಹೇಳುವವರು ಕಡಿಮೆ. ಪೋಷಕರಾದವರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು. ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಅದು ಅವನ ದುಡ್ಡು, ಅಪ್ಪನದಲ್ಲ. ಇದನ್ನು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಒಬ್ಬ ತಂದೆ ಓದಿ ಮುಖ ಸಿಂಡರಿಸಿಕೊಂಡರು. “ಹಂಗಾದ್ರೆ ನಮಗೇನು ಲಾಭ?” ಎಂದರು. ಆ ಹಾಳೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ನನಗೆ ಆಗ ಗೊತ್ತಾಯಿತು.

ಪೋಷಕತ್ವ ಎಲ್ಲರಿಗೂ ಬೇಕಾಗಿಲ್ಲ ಎಂಬುದನ್ನೂ ಬರೆದೆ. ಕಣ್ಣು ಕಾಣದ ಒಬ್ಬ ಹುಡುಗಿಯ ಅಪ್ಪ ಅದಕ್ಕೆ ಅರ್ಜಿ ಕೇಳಿಕೊಂಡು ಬಂದಿದ್ದರು. ಹುಡುಗಿ ಡಿಗ್ರಿ ಓದುತ್ತಿದ್ದಾಳೆ, ನನಗಿಂತ ಚೆನ್ನಾಗಿ ವಾದ ಮಾಡುತ್ತಾಳೆ. ಅವಳಿಗೆ ಯಾಕೆ ಪೋಷಕರು? ವಿಚಾರಿಸಿದರೆ, ಒಂದು ಬ್ಯಾಂಕಿನಲ್ಲಿ ಚೆಕ್ ಪುಸ್ತಕ ಕೊಡಲು ಆಗುವುದಿಲ್ಲ, ಅಪ್ಪನ ಜೊತೆ ಜಂಟಿ ಖಾತೆ ಮಾಡಿ ಎಂದಿದ್ದರಂತೆ. ದೃಷ್ಟಿದೋಷ ಇರುವವರಿಗೆ ಚೆಕ್ ಪುಸ್ತಕ, ಎಟಿಎಂ, ಲಾಕರ್ ನಿರಾಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಸುತ್ತೋಲೆ ಹೊರಡಿಸಿದೆ. ನನ್ನ ಆ ದಪ್ಪ ಫೈಲಿನಲ್ಲಿ ಅದು ಇತ್ತು! ಎರಡು ಪ್ರತಿ ತೆಗೆದು ಅವಳ ಕೈಗೆ ಕೊಟ್ಟೆ. ಅಪ್ಪನನ್ನು ಹೊರಗೆ ಕೂರಿಸಿ, ಒಬ್ಬಳೇ ಒಳಗೆ ಹೋಗಿ ಮಾತಾಡಿ ಬಂದಳು. ಎರಡು ವಾರದಲ್ಲಿ ಚೆಕ್ ಪುಸ್ತಕ ಬಂತು.

ಅವಳಿಂದ ಕಲಿತದ್ದು ಇನ್ನೊಂದಿದೆ. ನಮ್ಮ ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿದ್ದೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ, ಅದರಲ್ಲೇ ಬರುವ ಇ-ಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ದನಿ ರೋಬೊಟ್ ಥರ ಇದೆ, ಆದರೆ ಅಭ್ಯಾಸವಾಗುತ್ತದೆ. ನನ್ನ ಹಾಳೆಗಳ ಫೈಲನ್ನು ಹೆಮ್ಮೆಯಿಂದ ತೆರೆದುಕೊಟ್ಟೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ ಜೋರಾಗಿ ನಕ್ಕಳು. “ಇದು ಕನ್ನಡ ಅಲ್ಲ ಮೇಡಂ, ಏನೋ ಮಂತ್ರ” ಎಂದಳು. ನಾನು ಟೈಪ್ ಮಾಡಿದ್ದು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು, ಮೇಲೆ ಕನ್ನಡದ ವೇಷ ಅಷ್ಟೆ. ಕನ್ವರ್ಟರ್‌ನಲ್ಲಿ ಹಾಕಿ ಎಲ್ಲವನ್ನೂ ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯೂನಿಕೋಡ್‌ಗೆ ಬದಲಿಸಿದೆ. ಒತ್ತಕ್ಷರ ಕೆಲವು ಕಡೆ ಕೆಟ್ಟಿದ್ದವು. ಅವಳು ಕೇಳುತ್ತಾ ತಪ್ಪು ಹೇಳಿದಳು, ನಾನು ತಿದ್ದಿದೆ. ಸುಗಮ್ಯ ಪುಸ್ತಕಾಲಯದ ಸದಸ್ಯತ್ವವನ್ನೂ ಅವತ್ತೇ ಅವಳೇ ತುಂಬಿದಳು. ಮುದ್ರಿತ ಪುಸ್ತಕ ಓದಲಾಗದವರಿಗಾಗಿ 2016ರಲ್ಲಿ ಶುರುವಾದ ಆನ್‌ಲೈನ್ ಲೈಬ್ರರಿ ಅದು.

ಇನ್ನು ಮೊದಲ ಹುಡುಗನ ವಿಷಯ. ಇಷ್ಟೆಲ್ಲ ಹಾಳೆ ಬರೆದ ಮೇಲೆ ಒಂದು ದಿನ ಅವನು ಕಪಾಟಿನ ಮುಂದೆ ನಿಂತು, “ನಂದು ಯಾವ್ದು?” ಎಂದು ಕೇಳಿದ. ಒಂದೂ ಅವನದಾಗಿರಲಿಲ್ಲ. ಎಲ್ಲ ಅವನಮ್ಮನಿಗೆ ಬರೆದದ್ದು. “ನಿಮ್ಮ ಮಗನನ್ನು ಕರೆದುಕೊಂಡು ಹೋಗಿ”, “ನಿಮ್ಮ ಮಗನ ಆಧಾರ್ ತನ್ನಿ”. ದೊಡ್ಡವನಾಗುತ್ತಿರುವವನು ಅವನು, ಕೈಗೆ ಹಾಳೆ ಸಿಗುತ್ತಿದ್ದದ್ದು ಅಮ್ಮನಿಗೆ.

“ನಿಂಗೇನು ಬೇಕು?” ಎಂದೆ. “ಬಸ್ಸು” ಎಂದ. ತಿಪಟೂರಿಗೆ ಒಬ್ಬನೇ ಹೋಗಬೇಕಂತೆ.

ಅವನಿಗೆ ಅಕ್ಷರ ಬಿಡಿಬಿಡಿಯಾಗಿ ಗೊತ್ತು, ಕೂಡಿಸಿ ಓದಲು ಕಷ್ಟ. ಹಾಗಾಗಿ ಫೋಟೊ ಹಾಳೆ ಮಾಡಿದೆ. ಒಂದು ಪುಟಕ್ಕೆ ಒಂದು ಫೋಟೊ, ಕೆಳಗೆ ನಾಲ್ಕು ಪದ ಮೀರದ ಒಂದು ಸಾಲು. ‘ಇಲ್ಲಿ ನಿಲ್ಲು.’ ‘ಬೋರ್ಡು ನೋಡು.’ ‘ಪಾಸು ತೋರಿಸು.’ ಒಟ್ಟು ಹನ್ನೊಂದು ಪುಟ, ಉಂಗುರ ಹಾಕಿ ಜೇಬಿಗೆ ಹಿಡಿಯುವಷ್ಟು ಚಿಕ್ಕದು. ಪ್ರಯೋಗದ ದಿನ ನಾನು ದೂರದಲ್ಲಿ ನಿಂತು ನೋಡುತ್ತಿದ್ದೆ. ಅವನು ಹಾಳೆ ತೆಗೆದ, ನೋಡಿದ, ರಸ್ತೆ ದಾಟಿ ಎದುರು ಬದಿಗೆ ಹೋಗಿ ನಿಂತ. ತಿಪಟೂರು ಬಸ್ಸು ಈ ಬದಿಯಲ್ಲಿ ಬಂದು ಹೋಯಿತು.

ಯಾಕೆ ಹಾಗೆ ಮಾಡಿದ? ಸಂಜೆ ಫೋಟೊ ಮತ್ತೆ ನೋಡಿದಾಗ ಅರ್ಥವಾಯಿತು. ಬಸ್ ನಿಲ್ದಾಣ ಚೆನ್ನಾಗಿ ಕಾಣಲಿ ಎಂದು ನಾನು ಎದುರು ಬದಿಯಲ್ಲಿ ನಿಂತು ಫೋಟೊ ತೆಗೆದಿದ್ದೆ. ಅದೇ ಚಿತ್ರ ಕಣ್ಣಿಗೆ ಕಾಣಬೇಕಾದರೆ ನಾನು ನಿಂತ ಜಾಗದಲ್ಲೇ ನಿಲ್ಲಬೇಕು. ಅವನು ಸರಿಯಾಗಿ ಅಲ್ಲೇ ಹೋಗಿ ನಿಂತಿದ್ದ. ಹಾಳೆ ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದ. ಮರುದಿನ ಅವನನ್ನೇ ನಿಲ್ದಾಣದಲ್ಲಿ ನಿಲ್ಲಿಸಿ, ಅವನ ಹೆಗಲಿನ ಪಕ್ಕದಿಂದ, ಅವನ ಕಣ್ಣಿನ ಎತ್ತರಕ್ಕೆ ಫೋನು ಹಿಡಿದು ಮತ್ತೆ ತೆಗೆದೆ. ಈಗ ಫೋಟೊದಲ್ಲಿ ನಿಲ್ದಾಣವೇ ಇಲ್ಲ. ಎದುರಿನ ಬೇವಿನ ಮರ, ಗೊಬ್ಬರದ ಅಂಗಡಿಯ ಹಸಿರು ಶಟರ್ ಮಾತ್ರ. ಅವನಿಗೆ ಬೇಕಾದದ್ದು ಅದೇ. ಮೂರನೇ ಪ್ರಯತ್ನಕ್ಕೆ ತಿಪಟೂರು ಮುಟ್ಟಿ ವಾಪಸ್ ಬಂದ. ಅವನಮ್ಮ ಆ ಎರಡು ಗಂಟೆ ಲೈಬ್ರರಿ ಬಾಗಿಲಲ್ಲೇ ಕುಳಿತಿದ್ದರು. ಒಂದು ಲೋಟ ನೀರು ಕೂಡ ಕುಡಿಯಲಿಲ್ಲ.

ಆಮೇಲೆ ಇಂಥ ಜೇಬು ಹಾಳೆ ಆರು ಮಾಡಿದೆವು. ಎಟಿಎಂ, ಕ್ಷೌರದ ಅಂಗಡಿ, ಡಾಕ್ಟರ ಹತ್ತಿರ ಎಲ್ಲಿ ನೋವು ಎಂದು ಹೇಳುವುದು, ಯಾರಾದರೂ ಮೈ ಮುಟ್ಟಿದರೆ ಏನು ಮಾಡುವುದು. ಮತ ಹಾಕುವುದಕ್ಕೂ ಒಂದು. ಇಂಥವರಿಗೆ ವೋಟಿಲ್ಲ ಎಂದು ಊರಲ್ಲಿ ಎಲ್ಲರೂ ನಂಬಿದ್ದರು. ಮಾನಸಿಕ ಅಸ್ವಸ್ಥ ಎಂದು ಕೋರ್ಟು ಘೋಷಿಸಿದ್ದರೆ ಮಾತ್ರ ಮತದಾರರ ಪಟ್ಟಿಯಿಂದ ಹೊರಗೆ, ಇಲ್ಲದಿದ್ದರೆ ಎಲ್ಲರಂತೆ ಹೆಸರು ಸೇರಿಸುವ ನಮೂನೆ 6 ತುಂಬಿ ಕೊಡಬಹುದು.

ಸೋತಿದ್ದು ಕೆಲಸದ ವಿಚಾರದಲ್ಲಿ. ಅಂಗವಿಕಲರಿಗೆ ತರಬೇತಿ ಕೊಡುವ ಬೆಂಗಳೂರಿನ ಎನೇಬಲ್ ಇಂಡಿಯಾ, ಎಪಿಡಿ ಸಂಸ್ಥೆಗಳು, ಮೈಸೂರಿನ ಜೆಎಸ್‌ಎಸ್ ಅಂಗವಿಕಲರ ಪಾಲಿಟೆಕ್ನಿಕ್ ಇವೆಲ್ಲದರ ಹಾಳೆ ಇಟ್ಟಿದ್ದೇನೆ. ಕಿವಿ ಕೇಳದ ಒಬ್ಬ ಹುಡುಗ ಅದನ್ನು ನೋಡಿ ಹೊರಟ, ಅದು ಸಂತೋಷ. ಉಳಿದವರಿಗೆ ಬೆಂಗಳೂರು ಬಹಳ ದೂರ. ಊರಲ್ಲೇ ಕೆಲಸ ಹುಡುಕೋಣ ಎಂದು ನಾನೂ ವಿಆರ್‌ಡಬ್ಲ್ಯೂ ಹದಿನಾಲ್ಕು ಅಂಗಡಿ ಸುತ್ತಿದೆವು. “ಪಾಪ, ಸುಮ್ನೆ ಕೂತಿರ್ಲಿ ಬಿಡಿ, ನಾವೇ ಏನಾದ್ರೂ ಕೊಡ್ತೀವಿ” ಎಂದವರೇ ಜಾಸ್ತಿ. ಒಂದು ಬೇಕರಿಯವರು ಒಬ್ಬಳನ್ನು ತೆಗೆದುಕೊಂಡರು, ಬೆಳಿಗ್ಗೆ ಹೊತ್ತು ಮೂರು ತಾಸು, ಡಬ್ಬ ಜೋಡಿಸುವ ಕೆಲಸ. ಊರಿನ ಕೆಲಸಗಳ ಹಾಳೆಯಲ್ಲಿ ಈಗಲೂ ಒಂದೇ ಸಾಲು ಇದೆ.

ನಮ್ಮ ಹುಡುಗ ತಿಂಗಳ ಮೊದಲ ವಾರ ಸೀಲು ಹಾಕಲು ಬರುತ್ತಾನೆ. ಸೀಲಿನ ರಬ್ಬರ್ ಪಟ್ಟಿ ತಿರುಗಿಸುವುದನ್ನು ಅವನೇ ಕಲಿತ. ಗೋಡೆಯ ಕ್ಯಾಲೆಂಡರ್ ಇಳಿಸಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾನೆ. ಅಂಕಿಯ ಆಕಾರ ಹೋಲಿಸುತ್ತಾನೆ. ಸೀಲಿನ ಮೇಲೆ ಅಂಕಿ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದಲ್ಲ, ಅದಕ್ಕೆ ಮೊದಲು ರದ್ದಿ ಕಾಗದದ ಮೇಲೆ ಒತ್ತಿ ನೋಡುತ್ತಾನೆ. ಸರಿ ಬಂದ ಮೇಲೆ ಒಂದೊಂದೇ ಹಾಳೆ. ನಾನು ಫೋನ್ ಮಾಡಿ ಖಚಿತ ಮಾಡಿಕೊಳ್ಳದ ಹಾಳೆಗೆ ಎಷ್ಟು ಹೇಳಿದರೂ ಒತ್ತುವುದಿಲ್ಲ, “ಫೋನು” ಎಂದು ನನ್ನ ಕಡೆ ತಳ್ಳುತ್ತಾನೆ. ಇದಕ್ಕೆ ಸಂಬಳ ಕೊಡಿಸಬಹುದಾ ಎಂದು ಅವನಮ್ಮ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಪಂಚಾಯಿತಿಗೆ ಎರಡು ಸಲ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಈಗ ಅವನಿಗೆ ತುಮಕೂರಿನ ಹಾಳೆ ಬೇಕಂತೆ. ಅಲ್ಲಿ ಬಸ್ ಸ್ಟ್ಯಾಂಡ್ ದೊಡ್ಡದು, ಇಳಿದ ಕಡೆಯೇ ವಾಪಸ್ ಬಸ್ಸು ಸಿಗುವುದಿಲ್ಲ, ಪುಟ ಇಪ್ಪತ್ತು ದಾಟಬಹುದು. ಭಾನುವಾರ ಇಬ್ಬರೂ ಹೋಗುತ್ತಿದ್ದೇವೆ. ಫೋಟೊ ಈ ಸಲ ಅವನೇ ತೆಗೆಯುತ್ತಾನೆ.