ದುಡಿಮೆಯ ನಡುವೆ ದೇವರೊಂದಿಗೆ ಅನ್ಯೋನ್ಯತೆ: ಶುರು ಮಾಡುವುದು ಹೇಗೆ, ತಪ್ಪುವುದು ಎಲ್ಲಿ

ಎಡೆಬಿಡದೆ ಪ್ರಾರ್ಥನೆ ಮಾಡಿರಿ ಎಂದು ಯೇಸುವಿನ ಅಪೊಸ್ತಲ ಪೌಲನು ಥೆಸಲೋನಿಕದ ಕ್ರೈಸ್ತರಿಗೆ ಪತ್ರ ಬರೆದದ್ದು (ಬೈಬಲಿನ 1 ಥೆಸಲೋನಿಕ 5:17) ಸನ್ಯಾಸಿಗಳಿಗಲ್ಲ. ಅದೇ ಪತ್ರದಲ್ಲಿ, ಒಂದು ಅಧ್ಯಾಯ ಹಿಂದೆ, ಸ್ವಂತ ಕೈಯಿಂದ ದುಡಿಯಿರಿ ಎಂದೂ ಅದೇ ಜನಕ್ಕೆ ಹೇಳುತ್ತಾನೆ. ಹಾಗಾಗಿ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ನಿಂತವರಿಗೂ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರಿಗೂ, ದಿನಾ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಪಾಠ ಹೇಳಲು ಹೋಗುವ ಮೇಷ್ಟ್ರಿಗೂ ಈ ಮಾತು ಸಲ್ಲುತ್ತದೆ.

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಬೇಕು. ಇಪ್ಪತ್ನಾಲ್ಕು ಗಂಟೆ ದೇವರ ಬಗ್ಗೆಯೇ ಯೋಚಿಸುವುದು ಅನ್ಯೋನ್ಯತೆಯಲ್ಲ, ಮೈ ಜುಮ್ಮೆನ್ನುವ ಅನುಭವವೂ ಅಲ್ಲ. ಒಂದೇ ಮನೆಯಲ್ಲಿರುವವರು ಗಳಿಗೆಗೊಮ್ಮೆ ಮಾತಾಡುವುದಿಲ್ಲ, ಆದರೆ ಕರೆದರೆ ಓಗೊಡುವಷ್ಟು ಹತ್ತಿರ ಇರುತ್ತಾರೆ. ಇನ್ನೊಂದು ಮಾತು: ಕೆಳಗೆ ಹೇಳುವ ಯಾವ ಅಭ್ಯಾಸವೂ ದೇವರನ್ನು ಹತ್ತಿರಕ್ಕೆ ಎಳೆದು ತರುವುದಿಲ್ಲ. ಯೇಸುವಿನ ಮೂಲಕ ಬಾಗಿಲು ಆಗಲೇ ತೆರೆದಿದೆ (ಇಬ್ರಿಯ 10:19-22). ಮರೆಯುವವರು ನಾವು. ಅಭ್ಯಾಸ ಬೇಕಾಗಿರುವುದು ಮರೆತಲ್ಲಿಂದ ಬೇಗ ತಿರುಗಿ ಬರುವುದಕ್ಕೆ.

ಬೆಳಗ್ಗೆ ಹದಿನೈದು ನಿಮಿಷ ಸಾಕು. ಒಂದು ಗಂಟೆ ಎಂದು ಹಠ ಹಿಡಿದವರು ಎರಡನೇ ವಾರಕ್ಕೆ ಕೈಬಿಡುತ್ತಾರೆ. ಯೇಸುವಿನ ಬದುಕನ್ನು ಹೇಳುವ ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, ಒಟ್ಟು 16 ಅಧ್ಯಾಯ. ದಿನಕ್ಕೆ ಎಂಟು-ಹತ್ತು ವಚನ ಮೀರಬೇಡಿ. ತುಟಿ ಅಲುಗಾಡುವಂತೆ ಎರಡು ಸಲ ಓದಿ. ಎರಡನೇ ಸಲ ಎಲ್ಲಿ ಮನಸ್ಸು ತಡೆಯುತ್ತದೋ ಅಲ್ಲಿ ನಿಲ್ಲಿ, ಆ ಮಾತನ್ನೇ ನಿಮ್ಮ ಮಾತಾಗಿಸಿ ದೇವರಿಗೆ ಹೇಳಿ. ಆಮೇಲೆ ಆ ದಿನದ ಕೆಲಸಗಳನ್ನು ಹೆಸರು ಹಿಡಿದು ಒಪ್ಪಿಸಿ. "ಈ ದಿನವನ್ನು ಆಶೀರ್ವದಿಸು" ಅಂದರೆ ಹತ್ತು ಗಂಟೆಯ ಹೊತ್ತಿಗೆ ಅದು ನಿಮಗೇ ನೆನಪಿರುವುದಿಲ್ಲ. "ಹನ್ನೊಂದಕ್ಕೆ ಬ್ಯಾಂಕಿನಲ್ಲಿ ಸಾಲದ ಮಾತಿದೆ, ನನಗೆ ಸಿಟ್ಟು ಬರುತ್ತದೆ, ಜೊತೆಗಿರು" ಅಂದರೆ ಹನ್ನೊಂದಕ್ಕೆ ನೆನಪಾಗುತ್ತದೆ.

ಸತ್ಯವೇದ (ಬೈಬಲ್) ಅಚ್ಚಿನ ಪುಸ್ತಕವೇ ಇರಲಿ. ಮೊಬೈಲಿನಲ್ಲಿ ಓದಲು ಕೂತರೆ ಮೂರನೇ ವಚನಕ್ಕೆ ವಾಟ್ಸಾಪ್ ಬಂದಿರುತ್ತದೆ. ಗುಂಪಿನಲ್ಲಿ ಬರುವ ಹೂವಿನ ಚಿತ್ರದ ವಚನ ಫಾರ್ವರ್ಡ್ ಮಾಡಿದ್ದನ್ನು ಧ್ಯಾನದ ಲೆಕ್ಕಕ್ಕೆ ಹಿಡಿಯಬೇಡಿ.

ನಲ್ಲಿ ನೀರು ಬರುವ ದಿನ ಈ ಹದಿನೈದು ನಿಮಿಷ ಸಿಕ್ಕುವುದಿಲ್ಲ, ಅದು ಗೊತ್ತಿರುವ ಸಂಗತಿಯೇ. ಅಂಥ ದಿನಕ್ಕೆ ಇನ್ನೊಂದು ಹೊತ್ತನ್ನು ಹಿಂದಿನ ರಾತ್ರಿಯೇ ಗೊತ್ತು ಮಾಡಿಕೊಂಡಿರಿ. ಕೊಡಗಳು ತುಂಬುವ ತನಕ ಹೇಳಿಕೊಳ್ಳಲು ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಬಾಯಿಪಾಠ ಇದ್ದರೆ ಸಾಕು. 23ನೆಯದು ಆರೇ ವಚನ, ವಾರದಲ್ಲಿ ಬರುತ್ತದೆ. ಒಂದೇ ಕೋಣೆಯ ಬಾಡಿಗೆ ಮನೆಯಾದರೆ ತಾರಸಿಗೆ ಹೋಗಿ. ಯೇಸು ಕೂಡ ಇನ್ನೂ ಕತ್ತಲಿರುವಾಗ ಮನೆಯಿಂದ ಹೊರಟು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದ (ಮಾರ್ಕ 1:35).

ಹಗಲಿಗೆ ಬೇಕಾಗಿರುವುದು ಒಂದು ಚಿಕ್ಕ ಪ್ರಾರ್ಥನೆ, ಒಂದು ಉಸಿರಿಗೆ ಮುಗಿಯಬೇಕು. "ಕರ್ತನೇ, ನನ್ನನ್ನು ಕರುಣಿಸು." "ತಂದೆಯೇ, ನಾನು ನಿನ್ನವನು." ವಾರಕ್ಕೆ ಒಂದನ್ನೇ ಇಟ್ಟುಕೊಳ್ಳಿ, ದಿನಕ್ಕೊಂದು ಬದಲಿಸಿದರೆ ನಾಲಿಗೆಗೆ ಹತ್ತುವುದಿಲ್ಲ. ಅದನ್ನು ದಿನಾ ತಪ್ಪದೆ ಮಾಡುವ ಮೂರು ಕೆಲಸಗಳಿಗೆ ಗಂಟು ಹಾಕಿ: ಒಲೆ ಹಚ್ಚುವುದು, ಗಾಡಿ ಸ್ಟಾರ್ಟ್ ಮಾಡುವುದು, ಅಂಗಡಿಯ ಬಾಗಿಲು ತೆಗೆಯುವುದು, ಹೀಗೆ. ಮೂರಕ್ಕಿಂತ ಹೆಚ್ಚು ಬೇಡ. ಹತ್ತು ಇಟ್ಟುಕೊಂಡರೆ ಹತ್ತೂ ಹೋಗುತ್ತವೆ. ಕತ್ತಲಾದ ಮೇಲೆ ಮನೆಗೆ ಬಂದು ಚಪ್ಪಲಿ ಬಿಡುವ ಹೊತ್ತು ಬಹಳ ಒಳ್ಳೆಯದು, ಯಾಕೆಂದರೆ ಹೊರಗಿನ ಸಿಟ್ಟು ಒಳಗೆ ಬರುವುದು ಅಲ್ಲಿಂದಲೇ.

ಕೈಗೂ ಕಣ್ಣಿಗೂ ಪೂರ್ತಿ ಗಮನ ಬೇಡುವ ಕೆಲಸದಲ್ಲಿ ಪ್ರಾರ್ಥಿಸಲು ಹೋಗಬೇಡಿ. ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಸುರಿದ ಮೇಲೆ ಅದು ಅರಳುವುದು ಕ್ಷಣದ ಮಾತು. ಆಗ ಮನಸ್ಸು ಬಾಣಲೆಯಲ್ಲೇ ಇರಬೇಕು, ಇಲ್ಲದಿದ್ದರೆ ಮಂಡಕ್ಕಿ ಸೀಯುತ್ತದೆ, ಕೈಯೂ ಸುಡುತ್ತದೆ. ಸುರಿಯುವ ಮುಂಚೆ ಒಂದು ಮಾತು, ಜರಡಿ ಹಿಡಿದು ಮರಳು ಬೇರೆ ಮಾಡಿದ ಮೇಲೆ ಒಂದು ಮಾತು. ನಡುವಿನ ಕೆಲಸವನ್ನು ಚೆನ್ನಾಗಿ ಮಾಡುವುದೇ ಆ ಹೊತ್ತಿನ ವಿಧೇಯತೆ. ಲೆಕ್ಕ ಬರೆಯುವವರಿಗೂ ಇಂಜೆಕ್ಷನ್ ಕೊಡುವ ನರ್ಸಮ್ಮನಿಗೂ ಇದೇ ಕ್ರಮ. ಮಾತಿನ ಕೆಲಸದಲ್ಲಿರುವವರು ಪರ್ಷಿಯದ ಅರಸನಿಗೆ ಪಾನ ಕೊಡುವ ಸೇವಕನಾಗಿದ್ದ ನೆಹೆಮೀಯನನ್ನು ನೋಡಿ. ಅರಸನು ಪ್ರಶ್ನೆ ಕೇಳಿದ್ದಕ್ಕೂ ತಾನು ಉತ್ತರ ಕೊಟ್ಟಿದ್ದಕ್ಕೂ ನಡುವಿನ ಸಂದಿಯಲ್ಲಿ ಅವನು ಪ್ರಾರ್ಥಿಸಿದ (ನೆಹೆಮೀಯ 2:4). ಗಿರಾಕಿ ರೇಗಿದಾಗ ಅಷ್ಟೇ ಸಂದಿ ನಿಮಗೂ ಸಿಗುತ್ತದೆ.

ಮಲಗುವ ಮುಂಚೆ ಹತ್ತು ನಿಮಿಷ. ಹಾಸಿಗೆಯಲ್ಲಿ ಬೇಡ, ಕುರ್ಚಿಯಲ್ಲೋ ಚಾಪೆಯಲ್ಲೋ ಕೂತು ಬೆಳಗಿನಿಂದ ದಿನವನ್ನು ದೇವರ ಮುಂದೆ ಒಮ್ಮೆ ನಡೆಸಿ ನೋಡಿ. 16ನೇ ಶತಮಾನದಲ್ಲಿ ಲೊಯೋಲದ ಇಗ್ನೇಷಿಯಸ್ ಕಲಿಸಿದ ಈ ಅಭ್ಯಾಸ ಕ್ಯಾಥೋಲಿಕರಿಗೆ ಪರಿಚಿತ, ಉಳಿದವರೂ ಮಾಡಬಹುದು. ಮೊದಲು ಕೃತಜ್ಞತೆ, ಅದೂ ಬಿಡಿಬಿಡಿಯಾಗಿ. ಆಮೇಲೆ ಎಡವಿದ ಒಂದು ಜಾಗ: ಅದನ್ನು ಸುತ್ತಿ ಬಳಸದೆ ಒಪ್ಪಿಕೊಂಡು, 1 ಯೋಹಾನ 1:9 ಕೊಡುವ ಕ್ಷಮೆಯ ಮಾತು ಹಿಡಿದು ಅಲ್ಲಿಗೆ ಬಿಟ್ಟುಬಿಡಿ. ತಪ್ಪುಗಳ ಪಟ್ಟಿ ಮಾಡುತ್ತಾ ಅರ್ಧ ಗಂಟೆ ಕೂತರೆ ಅದು ದೇವರ ಕಡೆ ನೋಡುವುದಲ್ಲ, ನಮ್ಮನ್ನೇ ನೋಡಿಕೊಳ್ಳುವುದು.

ಇನ್ನು ಕೆಡುವ ಕಡೆಗಳು. ದಿನವಿಡೀ ಮರೆತು ಸಂಜೆ ನೆನಪಾಗುವುದು ಎಲ್ಲರಿಗೂ ಆಗುವಂಥದ್ದು. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡಿಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಕೆಲಸದ ನಡುವೆ ದೇವರನ್ನು ನೆನೆಯುವ ಈ ಅಭ್ಯಾಸಕ್ಕೇ ಹೆಸರಾದವರು. ಮೊದಲ ಹತ್ತು ವರ್ಷ ಬಹಳ ಕಷ್ಟಪಟ್ಟೆ ಎಂದು ಅವರೇ ಬರೆದುಕೊಂಡಿದ್ದಾರೆ. ನೆನಪಾದ ಕೂಡಲೇ ಆ ಚಿಕ್ಕ ಪ್ರಾರ್ಥನೆ ಹೇಳಿ ಮುಂದುವರಿಯಿರಿ. ತನ್ನನ್ನು ತಾನೇ ಬೈದುಕೊಳ್ಳಲು ಖರ್ಚಾದ ಹೊತ್ತು ಎರಡನೇ ಸಲ ಮರೆತಂತೆ.

ಪ್ರಾರ್ಥನೆ ಒಣಗಿದರೆ ಮೊದಲು ನಿದ್ದೆ ನೋಡಿ, ಆಮೇಲೆ ಜಗಳ ನೋಡಿ. ಅಣ್ಣತಮ್ಮಂದಿರ ನಡುವೆ ಜಮೀನಿನ ವ್ಯಾಜ್ಯ ಇಟ್ಟುಕೊಂಡು ಬಲಿಪೀಠದ ಮುಂದೆ ನಿಂತವನಿಗೆ ಯೇಸು ಹೇಳಿದ್ದು ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ರಾಜಿ ಮಾಡಿಕೊ ಎಂದೇ (ಮತ್ತಾಯ 5:23-24). ಎರಡೂ ಸರಿಯಿದ್ದು ಒಣಗಿದ್ದರೆ 13ನೇ ಅಥವಾ 88ನೇ ಕೀರ್ತನೆ ಓದಿ. 88 ಮುಗಿಯುವುದೇ ಕತ್ತಲಲ್ಲಿ. ಅಂಥದ್ದೂ ಸತ್ಯವೇದದೊಳಗೆ ಪ್ರಾರ್ಥನೆಯಾಗಿಯೇ ಇದೆ. ಊಟ, ನಿದ್ದೆ ಎರಡು ವಾರದಿಂದ ಕೆಟ್ಟಿದ್ದು ಏನೂ ಬೇಡವೆನಿಸಿದ್ದರೆ ಪ್ರಾರ್ಥನೆಯ ಜೊತೆಗೇ ಡಾಕ್ಟರ ಹತ್ತಿರ ಹೋಗಿ. ನಂಬಿಕೆ ಸಾಲದು ಎಂದು ನಿಮ್ಮನ್ನು ತಡೆಯುವವರ ಮಾತು ಕೇಳಬೇಡಿ.

ಒಂಟಿಯಾಗಿ ಈ ಅಭ್ಯಾಸ ಹೆಚ್ಚು ದಿನ ನಿಲ್ಲುವುದಿಲ್ಲ. ಭಾನುವಾರದ ಆರಾಧನೆ, ಕರ್ತನ ಭೋಜನ (ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು), ಕುಟುಂಬ ಪ್ರಾರ್ಥನೆ ಇವು ಮೂಲ. ಹರಿಹರದ ಆರೋಗ್ಯಮಾತೆಯ (ಯೇಸುವಿನ ತಾಯಿ ಮರಿಯಳ) ಹಬ್ಬಕ್ಕೆ ಸೆಪ್ಟೆಂಬರಿನಲ್ಲಿ ನಡೆದು ಹೋಗುವವರು ಆ ದಾರಿಯನ್ನೇ ಪ್ರಾರ್ಥನೆಗೆ ಬಳಸಬಹುದು, ಆದರೆ ವರ್ಷಕ್ಕೊಂದು ಯಾತ್ರೆ ದಿನದ ಹದಿನೈದು ನಿಮಿಷಕ್ಕೆ ಬದಲಿಯಲ್ಲ.

ತೀರಾ ಎಚ್ಚರ ಬೇಕಾದ್ದು "ದೇವರು ನನಗೆ ಹೇಳಿದ" ಅನ್ನುವ ಕಡೆ. ಹತ್ತಿರವಾದಷ್ಟೂ ನಮ್ಮ ಆಸೆಯ ದನಿಯೂ ಅವನದೇ ಎಂದು ಕೇಳಿಸುತ್ತದೆ. ಮನಸ್ಸಿಗೆ ಬಂದದ್ದನ್ನು ಬರೆದಿಡಿ. ಸತ್ಯವೇದಕ್ಕೆ ವಿರುದ್ಧವಾಗಿದ್ದರೆ ಅಲ್ಲೇ ಹರಿದು ಹಾಕಿ. ವಿರುದ್ಧವಿಲ್ಲದಿದ್ದರೆ ಒಂದು ವಾರ ಕಾಯಿರಿ, ನಿಮ್ಮನ್ನು ಹೊಗಳದ ಹಿರಿಯರೊಬ್ಬರಿಗೋ ಸಭಾಪಾಲಕರಿಗೋ ಗುರುಗಳಿಗೋ ತೋರಿಸಿ. ಮದುವೆ ಒಪ್ಪುವ ಮುಂಚೆ, ಕೆಲಸ ಬಿಡುವ ಮುಂಚೆ, ಸೈಟಿಗೆ ಅಡ್ವಾನ್ಸ್ ಕೊಡುವ ಮುಂಚೆ ಇಷ್ಟು ಮುಗಿದಿರಲಿ.