ವಿದೇಶಿ ಸಂಗಾತಿಯ ಜೊತೆ ಬೆಂಗಳೂರಿಗೆ ಬಂದವರಿಗೆ

ಹೊರದೇಶದಿಂದ ಬಂದು ನೆಲೆಸುವ ಕುಟುಂಬಗಳು ಸಂಘಕ್ಕೆ ಬಂದಾಗ ಮೊದಲು ವಿಚಾರಿಸುವುದು ಮಕ್ಕಳ ಶಾಲೆ, ಬಾಡಿಗೆ ಮನೆ. ಗಂಡ ಹೆಂಡತಿಯಲ್ಲಿ ಒಬ್ಬರದು ವಿದೇಶಿ ಪಾಸ್‌ಪೋರ್ಟ್ ಆಗಿದ್ದರೆ ನಾವು ಮೊದಲು ಕೇಳುವುದು ಬೇರೆ: ಮದುವೆ ರಿಜಿಸ್ಟರ್ ಆಗಿದೆಯಾ? ಮುಂದಿನ ಹೆಚ್ಚಿನ ಕೆಲಸಕ್ಕೆಲ್ಲ ಆ ಸರ್ಟಿಫಿಕೇಟ್ ಬೇಕೇ ಬೇಕು.

ಛತ್ರದಲ್ಲಿ ತಾಳಿ ಕಟ್ಟಿ ಊಟ ಹಾಕಿಸಿದರೆ ನೆಂಟರಿಗೆ ಸಾಕು, ವೀಸಾಕ್ಕೆ ಸಾಲದು. ಧರ್ಮ ಬೇರೆ ಬೇರೆಯಾದರೆ 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಹಿಡಿಯಬೇಕು. ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದ ಮೇಲೆ ವಿವಾಹ ಅಧಿಕಾರಿಗೆ ಮದುವೆಯ ನೋಟಿಸ್ ಕೊಡಬೇಕು, ಆಮೇಲೆ ಇನ್ನೂ 30 ದಿನ ಕಾಯಬೇಕು. ಹೊರಗಡೆಯೇ ಮದುವೆಯಾದವರು ಆ ದೇಶದ ಸರ್ಟಿಫಿಕೇಟಿಗೆ ಅಲ್ಲೇ ಅಪೊಸ್ಟೈಲ್ (ದಾಖಲೆ ಅಸಲಿ ಎಂದು ಆ ದೇಶದ ಸರ್ಕಾರ ಹಾಕುವ ಮುದ್ರೆ) ಹಾಕಿಸಿಕೊಂಡು ಬನ್ನಿ. ಇಲ್ಲಿ ಕೂತು ಅದನ್ನು ತರಿಸುವುದು ದೊಡ್ಡ ತಲೆನೋವು.

ಭಾರತೀಯರ ಸಂಗಾತಿಗೆ ಸಿಗುವುದು ಎಕ್ಸ್-2 ಎಂಬ ಎಂಟ್ರಿ ವೀಸಾ. ಕೈಗೆ ಬಂದ ತಕ್ಷಣ ಅದರ ಮೇಲಿನ ಸಣ್ಣ ಅಕ್ಷರ ಓದಿ. ನೋಂದಣಿ ಮಾಡಿಸಬೇಕು ಅಂತಿದ್ದರೆ ಸಾಮಾನ್ಯವಾಗಿ ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒಗೆ, ಅಂದರೆ ವಿದೇಶಿಯರ ನೋಂದಣಿ ಕಚೇರಿಗೆ, ಅರ್ಜಿ ಹಾಕಬೇಕು. ಬೆಂಗಳೂರಿನ ಕಚೇರಿ ಶಾಂತಿನಗರದಲ್ಲಿ, ಕೆ.ಎಚ್. ರಸ್ತೆಯ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿದೆ. ಆದರೆ ಸುಮ್ನೆ ಅಲ್ಲಿಗೆ ಹೋಗಿ ಸಾಲಲ್ಲಿ ನಿಲ್ಲಬೇಡಿ. ಅರ್ಜಿ, ವಿಸ್ತರಣೆ ಎಲ್ಲ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲೇ ಆಗುತ್ತದೆ. ಕರೆದರೆ ಮಾತ್ರ ಹೋಗಿ. ಈ ವೀಸಾದಲ್ಲಿ ಸುಮ್ಮನೆ ಕೆಲಸಕ್ಕೆ ಸೇರುವಂತಿಲ್ಲ. ಆಫರ್ ಬಂದರೂ ಮೊದಲು ಅನುಮತಿ ಕೇಳಿ.

ಜಾಸ್ತಿ ಜನ ಸಿಕ್ಕಿಕೊಳ್ಳುವುದು ವಿಳಾಸ ಮತ್ತು ಹೆಸರಿನಲ್ಲಿ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮನೆ ಕೊಟ್ಟವರು ಆನ್‌ಲೈನಿನಲ್ಲಿ ತಿಳಿಸಬೇಕು. ಸಿ-ಫಾರಂ ಅಂತ ಎಲ್ಲರ ಬಾಯಲ್ಲಿರುವುದು ಇದೇ. ಎಷ್ಟೋ ಓನರ್‌ಗಳು ಇದರ ಹೆಸರೇ ಕೇಳಿರುವುದಿಲ್ಲ, ಕೇಳಿದರೆ ಪೊಲೀಸ್ ವಿಷಯ ಅಂತ ಹೆದರುತ್ತಾರೆ. ಅದಕ್ಕೇ ಅಡ್ವಾನ್ಸ್ ಕೊಡುವ ಮುಂಚೆ ಹೇಳಿಬಿಡಿ: "ಅಂಕಲ್, ನಮ್ಮನೆಯವರದ್ದು ಬೇರೆ ದೇಶದ ಪಾಸ್‌ಪೋರ್ಟ್. ನೀವು ಒಂದು ಫಾರಂ ತುಂಬಬೇಕಾಗತ್ತೆ, ನಾನೇ ಪಕ್ಕದಲ್ಲಿ ಕೂತು ತುಂಬಿಸಿಕೊಡ್ತೀನಿ." ಹೀಗೆ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಒಪ್ಪುವವರೇ ಹೆಚ್ಚು. ಬಾಡಿಗೆ ಅಗ್ರಿಮೆಂಟಿನಲ್ಲಿ ಸಂಗಾತಿಯ ಹೆಸರೂ ಇರಲಿ.

ಇನ್ನು ನಮ್ಮ ಇನಿಷಿಯಲ್. ಆಧಾರ್‌ನಲ್ಲಿ "ಎಚ್. ಸುರೇಶ್", ಪಾಸ್‌ಪೋರ್ಟಿನಲ್ಲಿ "ಸುರೇಶ್ ಹನುಮಂತಯ್ಯ", ಮದುವೆ ಸರ್ಟಿಫಿಕೇಟಿನಲ್ಲಿ ಬರೀ "ಸುರೇಶ್". ನಮಗೆ ಮೂರೂ ಒಬ್ಬನೇ. ಅರ್ಜಿ ನೋಡುವವರಿಗೆ ಮೂವರು! ಮದುವೆ ರಿಜಿಸ್ಟರ್ ಮಾಡಿಸುವಾಗಲೇ ಪಾಸ್‌ಪೋರ್ಟಿನಲ್ಲಿದ್ದ ಹಾಗೆ, ಅಕ್ಷರಕ್ಕೆ ಅಕ್ಷರ ಬರೆಸಿ.

ಮದುವೆ ನೋಂದಣಿಯಾಗಿ, ಸಂಸಾರ ಎರಡು ವರ್ಷ ಮುರಿಯದೆ ನಡೆದಿದ್ದರೆ ಸಂಗಾತಿ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ಅಂದರೆ ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ನೋಂದಣಿಯನ್ನು ಮುಂದೂಡಬೇಡಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ. ಸಂಗಾತಿಯ ಕಡೆಯ ಹಿರಿಯರು ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಗಳಾಗಿದ್ದರೆ ಮಾತ್ರ ಈ ಕಾರ್ಡ್ ಸಿಗುವುದಿಲ್ಲ. ಕಾರ್ಡ್ ಬಂದ ಮೇಲೆ ವೀಸಾ ವಿಸ್ತರಣೆಯ ಚಿಂತೆ ಇಲ್ಲ, ಸಾಮಾನ್ಯ ಕೆಲಸಕ್ಕೂ ಸೇರಬಹುದು. ವೋಟು ಹಾಕುವಂತಿಲ್ಲ, ಹೊಲ ತೋಟ ಕೊಳ್ಳುವಂತಿಲ್ಲ. ವಿಚ್ಛೇದನವಾದರೆ ಕಾರ್ಡ್ ಹೋಗುತ್ತದೆ.

ಆಧಾರ್ ವಿಷಯ ಸುಲಭ: ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿದ್ದರೆ ವಿದೇಶಿ ಸಂಗಾತಿಯೂ ಮಾಡಿಸಬಹುದು.

ಮಗು ಇಲ್ಲೇ ಹುಟ್ಟಿದರೆ, ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಸರಿಯಾದ ವೀಸಾದಲ್ಲಿದ್ದರೆ, ಅದು ಹುಟ್ಟಿನಿಂದಲೇ ಭಾರತದ ಪ್ರಜೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಆದ್ದರಿಂದ ಮಗುವಿಗೆ ಇನ್ನೊಂದು ದೇಶದ ಪಾಸ್‌ಪೋರ್ಟ್ ಮಾಡಿಸುವ ಮುಂಚೆ ಇಬ್ಬರೂ ಕೂತು ಮಾತಾಡಿ, ತಿಳಿದ ವಕೀಲರನ್ನು ಒಮ್ಮೆ ಕೇಳಿ.