ಗಿರ್ರನೆ ತಿರುಗಿಸಿದರೆ ಮಾತ್ರ ತೆರೆಯುವ ಮರದ ಪೆಟ್ಟಿಗೆ

ಗೆಳೆಯರಿಗೆ ಕೊಡಲೆಂದು ಒಗಟಿನ ಪೆಟ್ಟಿಗೆ ಮಾಡಹೊರಟವರಲ್ಲಿ ಹೆಚ್ಚಿನವರು ಎಡವುವುದು ಹಲಗೆ ಕೊಯ್ಯುವುದರಲ್ಲಲ್ಲ, ರಂಧ್ರ ಕೊರೆಯುವುದರಲ್ಲಿ. ಈ ಪೆಟ್ಟಿಗೆಗೆ ಕೀಲಿಯಿಲ್ಲ. ಜಾರುವ ಮುಚ್ಚಳದ ಎರಡೂ ಬದಿಯ ಗೋಡೆಗಳೊಳಗೆ ಒಂದೊಂದು ಮೊಳೆಯ ತುಂಡು ಅಡಗಿರುತ್ತದೆ. ಎಡಕ್ಕೆ ವಾಲಿಸಿದರೆ ಬಲಗಡೆಯದು, ಬಲಕ್ಕೆ ವಾಲಿಸಿದರೆ ಎಡಗಡೆಯದು ಮುಚ್ಚಳಕ್ಕೆ ಹೊಕ್ಕು ತಡೆಯುತ್ತದೆ. ಮೇಜಿನ ಮೇಲಿಟ್ಟು ಬುಗುರಿಯಂತೆ ತಿರುಗಿಸಿದಾಗ ಮಾತ್ರ ಎರಡೂ ಹೊರಕ್ಕೆ ಸರಿಯುತ್ತವೆ.

ಸಾಗವಾನಿಯನ್ನೇ ಬಳಸಿರಿ, ಬಾಗಿಲ ಚೌಕಟ್ಟಿನ ಉಳಿಕೆ ತುಂಡುಗಳು ಬಡಿಗೇರರ ಬಳಿ ಸಿಗುತ್ತವೆ. ಮರದ ನಾರು ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆ ಬೆಳಗಾವಿಯ ಮಳೆಗಾಲಕ್ಕೆ ಉಬ್ಬುತ್ತದೆ. ಪಕ್ಕದ ಗೋಡೆಗಳು 25 ಮಿ.ಮೀ. ದಪ್ಪವಿರಲಿ, ಮುಂಗೋಡೆಯು ಮುಚ್ಚಳ ತನ್ನ ಮೇಲೆ ಜಾರುವಷ್ಟು ಗಿಡ್ಡವಿರಲಿ. ಪಕ್ಕದ ಗೋಡೆಗಳಲ್ಲಿ ಮುಚ್ಚಳ ಜಾರಲು 5 ಮಿ.ಮೀ. ಆಳದ ಕೊರಕಲು ತೆಗೆದು ನಾಲ್ಕೂ ಗೋಡೆಗಳನ್ನು ಅಂಟಿಸಿರಿ. ತಳ ಈಗಲೇ ಬೇಡ. ಮರ ಹಿಗ್ಗುವುದು ಎಳೆಗಳಿಗೆ ಅಡ್ಡಲಾಗಿ. ಆದ್ದರಿಂದ ಎಳೆಗಳು ಜಾರುವ ದಿಕ್ಕಿಗೇ ಇರುವಂತೆ 12 ಮಿ.ಮೀ. ದಪ್ಪದ ಮುಚ್ಚಳ ಕತ್ತರಿಸಿ, ಎರಡೂ ಬದಿಗೆ ಒಂದೊಂದು ಮಿ.ಮೀ. ಸಡಿಲ ಬಿಡಿರಿ, ವಿಜಯಪುರದ ಬೇಸಿಗೆಯಲ್ಲಿ ಬಿಗಿಯಾಗಿ ಕೂಡಿಸಿದ ಮುಚ್ಚಳ ಜುಲೈನಲ್ಲಿ ಬೆಳಗಾವಿಯ ಗೆಳೆಯನ ಮನೆಯಲ್ಲಿ ಮಿಸುಕುವುದಿಲ್ಲ.

ಈಗ ರಂಧ್ರ. ಗೋಡೆಗೂ ಮುಚ್ಚಳಕ್ಕೂ ಬೇರೆ ಬೇರೆ ಅಳೆದು ಕೊರೆಯುವುದೇ ಎಲ್ಲರೂ ಮಾಡುವ ತಪ್ಪು. ತುಸು ಹೆಚ್ಚುಕಡಿಮೆಯಾದರೂ ಮೊಳೆ ಒಳಹೋಗದು. ಮುಚ್ಚಳವನ್ನು ಪೂರ್ತಿ ಮುಚ್ಚಿ, ಕ್ಲ್ಯಾಂಪ್ ಬಿಗಿದು, 5 ಮಿ.ಮೀ. ಡ್ರಿಲ್ ಬಿಟ್‌ಗೆ 27 ಮಿ.ಮೀ. ಅಳತೆಯಲ್ಲಿ ಟೇಪ್ ಸುತ್ತಿ, ಮುಚ್ಚಳ ಹೊರಬರುವ ಬಾಯಿಯಿಂದ 3 ಸೆಂ.ಮೀ. ಹಿಂದೆ, ಪ್ರತಿ ಪಕ್ಕದಲ್ಲೂ ಹೊರಗಿನಿಂದ ಗೋಡೆ ದಾಟಿ ಮುಚ್ಚಳದ ಒಳಗಿನವರೆಗೆ ಒಂದೇ ಸಲಕ್ಕೆ ಕೊರೆಯಿರಿ. ರಂಧ್ರ ಮಟ್ಟಸವಾಗಿರಬೇಕು; ಒಳಮುಖವಾಗಿ ಇಳಿಜಾರಾದರೆ ಪೆಟ್ಟಿಗೆ ನಿಂತೊಡನೆ ಮೊಳೆ ಮರಳಿ ಜಾರುತ್ತದೆ. ಆದ್ದರಿಂದ ಕೈಯಳತೆ ನಂಬದೆ, ಸ್ಟ್ಯಾಂಡ್ ಇರುವ ಡ್ರಿಲ್‌ನಲ್ಲೇ ಈ ಕೆಲಸ ಮಾಡಿಸುವುದು ಲೇಸು. ಆಯಸ್ಕಾಂತ ಅಂಟಿಸುವ ಸುಲಭದಾರಿ ಹಿಡಿಯಬೇಡಿರಿ. ಜೋರಾಗಿ ಎಳೆದರೆ ತೆರೆಯುವುದು ಒಗಟಲ್ಲ.

ಪುಡಿ ಊದಿ ತೆಗೆದು, 4 ಮಿ.ಮೀ. ದಪ್ಪದ ಮೊಳೆಯನ್ನು 12 ಮಿ.ಮೀ. ಉದ್ದಕ್ಕೆ ಕತ್ತರಿಸಿ, ತುದಿಗಳನ್ನು ಅರದಿಂದ ನುಣುಪು ಮಾಡಿ ಒಳಗೆ ಬಿಡಿರಿ. ಎಣ್ಣೆ ಧೂಳು ಹಿಡಿಯುತ್ತದೆ. ಪೆನ್ಸಿಲ್ ಕಡ್ಡಿಯ ಪುಡಿ ಸಾಕು. ರಂಧ್ರದ ಹೊರಬಾಯಿಗೆ ಅದೇ ಮರದ 6 ಮಿ.ಮೀ. ಉದ್ದದ ಬೆಣೆ ಬಡಿಯುವಾಗ ಅಂಟನ್ನು ಬೆಣೆಯ ಹೊರ ಅರ್ಧಕ್ಕೆ ಮಾತ್ರ ಹಚ್ಚಿರಿ, ಒಳಗಿಳಿದರೆ ಮೊಳೆಯೂ ಅಂಟಿಕೊಳ್ಳುತ್ತದೆ.

ಮುಚ್ಚಳದ ಅಡಿಗೆ, ಹಿಂದಿನ ಅಂಚಿನಿಂದ 4 ಸೆಂ.ಮೀ. ಬಿಟ್ಟು ಚಿಕ್ಕ ಸ್ಕ್ರೂ ಹಾಕಿರಿ. ಅದು ಮುಂಗೋಡೆಗೆ ತಾಗಿ ಮುಚ್ಚಳವನ್ನು ತಡೆಯುತ್ತದೆ. ಇಲ್ಲವಾದರೆ ಮುಚ್ಚಳ ಪೂರ್ತಿ ಹೊರಬಂದಾಗ ಮೊಳೆಗಳು ಉದುರುತ್ತವೆ. ಬಳಿಕ ತಳ ಕೂಡಿಸಿ, ಕೊರಕಲು ಬಿಟ್ಟು ಉಳಿದೆಡೆ ಪಾಲಿಶ್ ಕೊಡಿರಿ. ಒಳಗಿಡುವ ಉಡುಗೊರೆಯನ್ನು ಬಟ್ಟೆಯಲ್ಲಿ ಸುತ್ತಿಡಿರಿ. ನಾಣ್ಯ ಗಲಗಲ ಎಂದರೆ, ಗೆಳೆಯನಿಗಿರುವ ಒಂದೇ ಸುಳಿವಾದ ಮೊಳೆಯ ಟಕ್ ಸದ್ದು ಕೇಳಿಸುವುದಿಲ್ಲ.